ಅರಳುಮರಳು: ಆರೈಕೆ ಎಲ್ಲಿ, ಖರ್ಚು ಹೇಗೆ?

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಜ್ಜ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಿದರೆ ಮೊಮ್ಮಕ್ಕಳು ಈ ಗಾದೆ ಹೇಳಿ ನಗುತ್ತಾರೆ. ಅಜ್ಜನೂ ನಗುತ್ತಾನೆ. ಆದರೆ ಕನ್ನಡಕ ಎಲ್ಲಿಟ್ಟೆ ಎಂಬುದನ್ನು ಮರೆಯುವುದು ಬೇರೆ, ಕೈಯಲ್ಲಿರುವ ಕನ್ನಡಕ ಯಾತಕ್ಕೆ ಎಂಬುದೇ ತಿಳಿಯದಿರುವುದು ಬೇರೆ. ಮೊದಲನೆಯದು ವಯಸ್ಸಿನ ಗುಣ. ಎರಡನೆಯದು ಕಾಯಿಲೆಯ ಲಕ್ಷಣ. ವೈದ್ಯರು ಇದನ್ನು ಡಿಮೆನ್ಶಿಯಾ ಎಂದು ಕರೆಯುತ್ತಾರೆ. ಗಾದೆ ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟಿದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಾಯಿಲೆ ಎರಡು ಮೂರು ವರ್ಷ ಮುಂದುವರಿದ ಮೇಲಷ್ಟೇ ವೈದ್ಯರ ನೆನಪಾಗುತ್ತದೆ.

ತುಮಕೂರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿಗೆ 74 ವರ್ಷ. ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಪಿಂಚಣಿ ಬರುತ್ತದೆ, ಮನೆ ಅವರ ಹೆಸರಿನಲ್ಲಿದೆ. ಮಗ ಕಚೇರಿಯೊಂದರಲ್ಲಿ ಗುಮಾಸ್ತ, ಸೊಸೆ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಮೊಮ್ಮಗ ಎರಡನೇ ಪಿ.ಯು.ಸಿ.ಯಲ್ಲಿ ಓದುತ್ತಿದ್ದಾನೆ. ಮಗಳನ್ನು ಬೆಂಗಳೂರಿಗೆ ಕೊಟ್ಟಿದೆ. ಒಂದು ಬೆಳಿಗ್ಗೆ ಅಜ್ಜಿ "ಶಾಲೆಗೆ ಹೊತ್ತಾಯ್ತು" ಎಂದು ಚೀಲ ಹಿಡಿದು ಹೊರಟವರು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಸಿಕ್ಕರು. ಅಂದು ರಾತ್ರಿ ಮನೆಯಲ್ಲಿ ಮಾತು ಬಂತು.

"ಅಮ್ಮನ್ನ ಎಲ್ಲಾದ್ರೂ ಸೇರಿಸೋದಾ? ನಾಲ್ಕು ಜನ ಏನಂದಾರು?" ಎಂದ ಮಗ.

"ಆ ನಾಲ್ಕು ಜನ ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲು ಕಾಯೋಕೆ ಬರ್ತಾರೇನ್ರೀ?" ಎಂದಳು ಸೊಸೆ.

ಮೊಮ್ಮಗ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದ. ಅವನ ಕಾಲೇಜಿಗೆಂದು ಅಪ್ಪ ಬ್ಯಾಂಕಿನಲ್ಲಿಟ್ಟ ಠೇವಣಿಯ ಮಾತೂ ಆ ರಾತ್ರಿ ಬಂದಿತ್ತು. ಅವನು ಒಂದು ಸಾಲನ್ನೂ ಓದಲಿಲ್ಲ.

ಭಾರತದಲ್ಲಿ ಇಂಥ ಮನೆಗಳು ಎಷ್ಟು? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು.

ಮಿದುಳಿನಲ್ಲಿ ಏನಾಗುತ್ತದೆ?

ಡಿಮೆನ್ಶಿಯಾ ಎಂಬುದು ಒಂದೇ ರೋಗದ ಹೆಸರಲ್ಲ. ಜ್ವರದಂತೆ ಅದೊಂದು ಲಕ್ಷಣಗಳ ಗುಂಪು. ಜ್ವರಕ್ಕೆ ಮಲೇರಿಯಾ, ಟೈಫಾಯಿಡ್ ಹೀಗೆ ನಾನಾ ಕಾರಣಗಳಿರುವಂತೆ ಇದಕ್ಕೂ ಹಲವು ಕಾರಣಗಳಿವೆ. ಅವುಗಳಲ್ಲಿ ಮುಖ್ಯವಾದುದು ಆಲ್ಝೈಮರ್ ಕಾಯಿಲೆ. ಒಟ್ಟು ರೋಗಿಗಳಲ್ಲಿ ಶೇಕಡಾ 60ರಿಂದ 70ರಷ್ಟು ಮಂದಿಯಲ್ಲಿ ಇದರ ಪಾತ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ಬರುವ ಬಗೆ ಇನ್ನೊಂದು.

ಆಲ್ಝೈಮರ್ ಕಾಯಿಲೆಯಲ್ಲಿ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ, ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಸಿಕ್ಕುಗಟ್ಟುತ್ತದೆ. ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಮುಖ್ಯವಾದುದು. ಹೊಸ ನೆನಪುಗಳನ್ನು ದಾಖಲಿಸುವ ಗುಮಾಸ್ತ ಅದು. ಗುಮಾಸ್ತನೇ ರಜೆ ಹಾಕಿದರೆ ಇಂದಿನ ಕಾಗದ ಕಡತ ಸೇರುವುದಿಲ್ಲ, ಹಳೆಯ ಕಡತಗಳು ಮಾತ್ರ ಕಪಾಟಿನಲ್ಲಿ ಉಳಿದಿರುತ್ತವೆ. ಬೆಳಿಗ್ಗೆ ತಿಂಡಿ ತಿಂದದ್ದನ್ನು ಮರೆಯುವ ಅಜ್ಜಿಗೆ ನಲವತ್ತು ವರ್ಷದ ಹಿಂದಿನ ಶಾಲೆಯ ಗಂಟೆ ಕೇಳಿಸುವುದು ಈ ಕಾರಣಕ್ಕೇ. ಅವರು ಹಟ ಮಾಡುತ್ತಿಲ್ಲ. ಅವರ ಪಾಲಿಗೆ ಶಾಲೆಗೆ ನಿಜವಾಗಿಯೂ ಹೊತ್ತಾಗಿದೆ.

ಇಲ್ಲಿ ಪೋಷಕರು ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲ ಮರೆವೂ ಆಲ್ಝೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಲ್ಲುವುದು, ಕೆಲವು ಔಷಧಿಗಳ ಅಡ್ಡಪರಿಣಾಮ - ಇವೆಲ್ಲ ಮರೆವನ್ನು ತರಬಲ್ಲವು, ಇವುಗಳಿಗೆ ಚಿಕಿತ್ಸೆಯೂ ಉಂಟು. ಆದ್ದರಿಂದ ಆರೈಕೆ ಕೇಂದ್ರದ ವಿಳಾಸ ಹುಡುಕುವ ಮುನ್ನ ರಕ್ತಪರೀಕ್ಷೆ, ಮಿದುಳಿನ ಸ್ಕ್ಯಾನ್ ಮತ್ತು ನರರೋಗ ಅಥವಾ ಮನೋರೋಗ ತಜ್ಞರ ಅಭಿಪ್ರಾಯ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ತಪಾಸಣೆ ನಡೆಯುತ್ತದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸುವುದು ಒಳ್ಳೆಯದು.

ಮೊದಲ ರೋಗಿಯ ಮೊದಲ ಬಿಲ್ಲು

ಈ ಕಾಯಿಲೆಗೆ ಹೆಸರು ಬರುವ ಮೊದಲೇ ಖರ್ಚಿನ ಪ್ರಶ್ನೆ ಬಂದಿತ್ತು ಎಂದರೆ ಆಶ್ಚರ್ಯವಾಗಬಹುದು. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಹೆಸರು ಬರೆಯಲು ಹೇಳಿದರೆ ಆಕೆ ಅರ್ಧಕ್ಕೇ ನಿಲ್ಲಿಸುತ್ತಿದ್ದಳು, ತಾನು ತನ್ನನ್ನೇ ಕಳೆದುಕೊಂಡೆ ಎನ್ನುತ್ತಿದ್ದಳು. ಆಕೆಯನ್ನು ಪರೀಕ್ಷಿಸಿ ಮಾತುಮಾತನ್ನೂ ಬರೆದಿಟ್ಟ ವೈದ್ಯ ಆಲೋಯಿಸ್ ಆಲ್ಝೈಮರ್.

ಆಕೆಯ ಗಂಡ ರೈಲ್ವೆಯಲ್ಲಿ ಗುಮಾಸ್ತ. ಆಸ್ಪತ್ರೆಯ ಶುಲ್ಕ ಕಟ್ಟುವುದು ಅವನಿಗೆ ಕಷ್ಟವಾಯಿತು. ಕಡಿಮೆ ಖರ್ಚಿನ ಬೇರೆ ಕಡೆಗೆ ಹೆಂಡತಿಯನ್ನು ಸಾಗಿಸಲು ಅವನು ಕೇಳಿಕೊಂಡ. ಆಕೆಯನ್ನು ಫ್ರಾಂಕ್‌ಫರ್ಟಿನಲ್ಲೇ ಉಳಿಸಿಕೊಳ್ಳಲು ಆಲ್ಝೈಮರ್ ಪ್ರಯತ್ನಿಸಿದ. ಆಕೆ ಅಲ್ಲಿಯೇ ಉಳಿದಳು, 1906ರಲ್ಲಿ ತೀರಿಕೊಂಡಳು. ಅದೇ ವರ್ಷ ಆಲ್ಝೈಮರ್ ಆಕೆಯ ಮಿದುಳಿನಲ್ಲಿ ಕಂಡದ್ದನ್ನು ವೈದ್ಯರ ಸಭೆಯ ಮುಂದಿಟ್ಟ. ರೋಗದ ಚರಿತ್ರೆಯಲ್ಲಿ ವೈದ್ಯನ ಹೆಸರು ಉಳಿಯಿತು. ಶುಲ್ಕಕ್ಕಾಗಿ ಪರದಾಡಿದ ಗುಮಾಸ್ತನನ್ನು ನೆನೆಯುವವರು ಕಡಿಮೆ. ಅವನ ಪ್ರಶ್ನೆ ಮಾತ್ರ ಈಗ ತುಮಕೂರಿನ ಗುಮಾಸ್ತನ ಮುಂದೆ ನಿಂತಿದೆ.

ಈ ಕಾಯಿಲೆ ವಾರ ತಿಂಗಳುಗಳದ್ದಲ್ಲ. ರೋಗ ಪತ್ತೆಯಾದ ಮೇಲೆ ಸಾಮಾನ್ಯವಾಗಿ 4ರಿಂದ 8 ವರ್ಷ, ಕೆಲವರಲ್ಲಿ 20 ವರ್ಷದವರೆಗೂ ಜೀವ ಇರುತ್ತದೆ. ಈಗಿರುವ ಮಾತ್ರೆಗಳು ಕೆಲಕಾಲ ಲಕ್ಷಣಗಳನ್ನು ಹಗುರ ಮಾಡುತ್ತವೆಯೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ. ಆದ್ದರಿಂದ ಇಲ್ಲಿ ಔಷಧಿಗಿಂತ ದೊಡ್ಡ ಖರ್ಚು ಆರೈಕೆಯದು, ಅಂದರೆ ಮನುಷ್ಯರ ಗಂಟೆಗಳದು.

ವಾರಕ್ಕೆ 168 ಗಂಟೆ

ವಿದ್ಯಾರ್ಥಿಗಳು ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕವನ್ನು ತಾವೇ ಮಾಡಬಹುದು. ದಿನಕ್ಕೆ 24 ಗಂಟೆಯಂತೆ ವಾರಕ್ಕೆ 168 ಗಂಟೆ. ಕಾಯಿಲೆ ನಡುಹಂತ ತಲುಪಿದ ಮೇಲೆ ಈ ಅಷ್ಟೂ ಹೊತ್ತು ಅಜ್ಜಿಯ ಮೇಲೆ ಯಾರದಾದರೂ ಕಣ್ಣಿರಬೇಕು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ವಾರಕ್ಕೆ ಆರು ದಿನ ಒಬ್ಬ ಹೋಂ ನರ್ಸ್ ಬಂದರೆ 72 ಗಂಟೆ ಮುಗಿಯಿತು. ಉಳಿದದ್ದು 96. ಹಣ ಕೊಟ್ಟು ಆಳು ಇಟ್ಟ ಮೇಲೂ ಅರ್ಧಕ್ಕಿಂತ ಹೆಚ್ಚು ಗಂಟೆಗಳು ಮನೆಯವರ ತಲೆಯ ಮೇಲೇ ಉಳಿದವು. ಅದರಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ನಿದ್ದೆಯ ಹೊತ್ತೇ 56 ಗಂಟೆ. ಡಿಮೆನ್ಶಿಯಾ ಇರುವ ಹಲವರಿಗೆ ಸಂಜೆಯಾಗುತ್ತಲೇ ಗೊಂದಲ ಹೆಚ್ಚುತ್ತದೆ, ಹಗಲು ರಾತ್ರಿಗಳ ಲೆಕ್ಕ ತಪ್ಪುತ್ತದೆ. ಹಾಗಾಗಿ ಈ 56 ಗಂಟೆಗಳೇ ಎಲ್ಲಕ್ಕಿಂತ ಕಷ್ಟದವು.

ಈಗ ಆ 96 ಗಂಟೆಗಳ ಎದುರು ಮನೆಯವರ ಹೆಸರು ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಅದು ಸೊಸೆಯ ಹೆಸರು, ಇಲ್ಲವೇ ಮಗಳ ಹೆಸರು.

ಹಣದ ಲೆಕ್ಕವನ್ನೂ ಹೀಗೆಯೇ ಬರೆದು ನೋಡಬೇಕು. ಮುಂದಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಊರಿನಿಂದ ಊರಿಗೆ, ಕೇಂದ್ರದಿಂದ ಕೇಂದ್ರಕ್ಕೆ ದರ ಬೇರೆಯಾಗುತ್ತದೆ. ಆರೈಕೆ ಕೇಂದ್ರಕ್ಕೆ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಯಲ್ಲಾದರೆ ಹಗಲಿನ ಹೋಂ ನರ್ಸ್‌ಗೆ 20,000, ಊಟ, ಬಟ್ಟೆ ಒಗೆತ ಇತ್ಯಾದಿಗೆ 5,000. ಒಟ್ಟು 25,000. ಮನೆಯೇ ಅಗ್ಗ ಎಂದು ಮಗ ಹೇಳಿಯಾನು. ಆದರೆ 96 ಗಂಟೆ ಹೊತ್ತ ಸೊಸೆ ಹೊಲಿಗೆ ಅಂಗಡಿಗೆ ಬೀಗ ಹಾಕಿದರೆ, ಅದರಿಂದ ತಿಂಗಳಿಗೆ ಬರುತ್ತಿದ್ದ 12,000 ನಿಂತುಹೋಗುತ್ತದೆ. ಅದನ್ನು ಸೇರಿಸಿದರೆ 37,000. ಕೇಂದ್ರಕ್ಕೂ ಮನೆಗೂ ಇರುವ ಅಂತರ 3,000 ರೂಪಾಯಿ ಮಾತ್ರ. ಸೊಸೆಯ ನಿದ್ದೆಗೆ, ಬೆನ್ನುನೋವಿಗೆ ಇನ್ನೂ ಬೆಲೆ ಕಟ್ಟಿಲ್ಲ.

ಮನೆ ಮೇಲೋ ಕೇಂದ್ರ ಮೇಲೋ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಮನೆಯ ಆರೈಕೆ ಪುಕ್ಕಟೆಯಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಅದರ ಬಿಲ್ಲನ್ನು ಯಾರೋ ಒಬ್ಬರು ಮಾತಿಲ್ಲದೆ ಕಟ್ಟುತ್ತಿರುತ್ತಾರೆ. ಕಟ್ಟುತ್ತಿರುವವರು ಯಾರೆಂದು ಗೊತ್ತಾದ ಮೇಲೆ ಮನೆಯವರ ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೊಂದು ಲೆಕ್ಕ ಹಿರಿಯ ತರಗತಿಯವರಿಗೆ. ತಿಂಗಳಿಗೆ 40,000ದಂತೆ ಮೊದಲ ವರ್ಷಕ್ಕೆ 4,80,000. ದರ ವರ್ಷಕ್ಕೆ ಶೇಕಡಾ 8ರಂತೆ ಏರಿದರೆ ಆರು ವರ್ಷದ ಮೊತ್ತವೆಷ್ಟು? ಗುಣೋತ್ತರ ಶ್ರೇಢಿಯ ಸೂತ್ರ ಹಾಕಿದರೆ ಸುಮಾರು 35,21,000 ಬರುತ್ತದೆ. ಆರನೇ ವರ್ಷ ತಿಂಗಳ ದರವೇ ಸುಮಾರು 58,800 ಆಗಿರುತ್ತದೆ. ಅಜ್ಜಿಯ ಪಿಂಚಣಿ ತಿಂಗಳಿಗೆ 24,000 ಎಂದುಕೊಂಡರೆ 72 ತಿಂಗಳಿಗೆ 17,28,000. ಕೊರತೆ ಸುಮಾರು 17,93,000. ಇದನ್ನು 72 ತಿಂಗಳಿಗೆ ಹಂಚಿದರೆ ತಿಂಗಳಿಗೆ 25,000ದ ಹತ್ತಿರ; ತುಟ್ಟಿಭತ್ಯೆ ಏರಿದಂತೆ ಇದು ಕೊಂಚ ಇಳಿಯಬಹುದು. ಮಗ, ಮಗಳು ಸಮನಾಗಿ ಹಂಚಿಕೊಂಡರೆ ತಲಾ ಹನ್ನೆರಡೂವರೆ ಸಾವಿರ. ಹದಿನೆಂಟು ಲಕ್ಷ ಎಂದಾಗ ಎದೆ ಝಲ್ಲೆನ್ನುತ್ತದೆ. ಹನ್ನೆರಡೂವರೆ ಸಾವಿರ ಎಂದಾಗ ಕಷ್ಟವಾದರೂ ಮಾತಾಡಬಹುದಾದ ಮೊತ್ತವಾಗುತ್ತದೆ. ಮೊಮ್ಮಗನ ಠೇವಣಿಯನ್ನು ಒಡೆಯದೆ ದಾರಿ ಉಂಟೇ ಎಂದು ಯೋಚಿಸಲು ಆಗ ಆಸ್ಪದ ಸಿಗುತ್ತದೆ.

ಹಣ ಎಲ್ಲಿಂದ?

ಆರೋಗ್ಯ ವಿಮೆ ಇದೆಯಲ್ಲ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ವರ್ಷಗಟ್ಟಲೆ ಊಟ ಮಾಡಿಸುವ, ಸ್ನಾನ ಮಾಡಿಸುವ, ಕಾಯುವ ಖರ್ಚನ್ನು ಅದು ಕೊಡುವುದಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂದು ಪ್ರಕಟಿಸಿತು. ಅದೂ ಆಸ್ಪತ್ರೆಯ ಚಿಕಿತ್ಸೆಗೇ.

ಬೇರೆ ದೇಶಗಳಲ್ಲಿ ಈ ಹೊರೆಯನ್ನು ಹಂಚಿಕೊಂಡ ಬಗೆ ನೋಡುವಂಥದು. ಆಗುಸ್ಟೆಯ ನಾಡಾದ ಜರ್ಮನಿ 1995ರಲ್ಲಿ ಆರೈಕೆಗೆಂದೇ ಪ್ರತ್ಯೇಕ ಕಡ್ಡಾಯ ವಿಮೆ ತಂದಿತು. ಜಪಾನ್ 2000ದಲ್ಲಿ ಅಂಥದೇ ವ್ಯವಸ್ಥೆ ಮಾಡಿತು. ಅಲ್ಲಿ 40 ವರ್ಷ ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಶ್ರೀಮಂತ ಅಮೆರಿಕದಲ್ಲಿ ಮಾತ್ರ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ದೀರ್ಘಕಾಲದ ದೈನಂದಿನ ಆರೈಕೆಗೆ ಹಣ ಕೊಡುವುದಿಲ್ಲ. ಬಡವರಿಗಾಗಿ ಇರುವ ಮೆಡಿಕೇಡ್ ಕೊಡುತ್ತದೆ. ಅದನ್ನು ಪಡೆಯಲು ಅಲ್ಲಿ ಎಷ್ಟೋ ಮಂದಿ ಮೊದಲು ತಮ್ಮ ಉಳಿತಾಯವನ್ನು ಕರಗಿಸಬೇಕಾಗುತ್ತದೆ. ಭಾರತದಲ್ಲಿ ಜರ್ಮನಿ, ಜಪಾನುಗಳಂಥ ಕಡ್ಡಾಯ ಆರೈಕೆ ವಿಮೆ ಇಲ್ಲ. ಕುಟುಂಬವೇ ವಿಮಾ ಕಂಪನಿ.

ಹಾಗಾದರೆ ಕುಟುಂಬದ ಕೈಯಲ್ಲಿ ಏನಿದೆ? ಮೊದಲನೆಯದು ಹಿರಿಯರದೇ ಪಿಂಚಣಿ, ಠೇವಣಿಯ ಬಡ್ಡಿ, ಬಾಡಿಗೆ. ಅದನ್ನು ಅವರಿಗೇ ಖರ್ಚು ಮಾಡುವುದು ಉಪಕಾರವಲ್ಲ, ನ್ಯಾಯ. ಎರಡನೆಯದು ಮನೆ. ಸ್ವಂತ ಮನೆಯುಳ್ಳ 60 ದಾಟಿದವರಿಗೆ ಮನೆಯ ಆಧಾರದ ಮೇಲೆ ಬ್ಯಾಂಕು ತಿಂಗಳು ತಿಂಗಳು ಹಣ ಕೊಡುವ 'ರಿವರ್ಸ್ ಮಾರ್ಟ್‌ಗೇಜ್' ಯೋಜನೆ 2007ರಿಂದ ಇದೆ. ಅವರು ಬದುಕಿರುವವರೆಗೆ ಆ ಮನೆಯಲ್ಲೇ ಇರಬಹುದು. ಸಾಲ ತೀರುವುದು ಅವರ ನಂತರ, ಮನೆಯ ಬೆಲೆಯಿಂದ ಇಲ್ಲವೇ ವಾರಸುದಾರರು ಕಟ್ಟುವ ಹಣದಿಂದ. ಕೊನೆಯವರೆಗೂ ಮನೆಯಲ್ಲಿಯೇ ಆರೈಕೆ ಎಂದು ನಿರ್ಧರಿಸುವವರಿಗೆ ಇದು ಅನುಕೂಲ. ಮೂರನೆಯದು ಮಕ್ಕಳ ಪಾಲು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯಿದೆಯಂತೆ ಇದು ಗಂಡುಮಕ್ಕಳ ಹೊಣೆ ಮಾತ್ರವಲ್ಲ, ಹೆಣ್ಣುಮಕ್ಕಳ ಹೊಣೆಯೂ ಹೌದು. ಇವಲ್ಲದೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ, ಡಿಮೆನ್ಶಿಯಾವೂ ಸೇರಿದ ಕೆಲವು ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆಗಾಗಿ, ರೋಗಿ ಹಿರಿಯ ನಾಗರಿಕರಾಗಿದ್ದರೆ ವರ್ಷಕ್ಕೆ 1 ಲಕ್ಷದವರೆಗೆ ಕಡಿತ ಸಿಗುತ್ತದೆ. ಇದಕ್ಕೆ ತಜ್ಞ ವೈದ್ಯರ ದಾಖಲೆ ಬೇಕು.

ಸಹಿ ಮಾಡುವ ಕೈ

ಈ ದಾರಿಗಳಲ್ಲಿ ಹೆಚ್ಚಿನವಕ್ಕೆ ಒಂದು ಬಾಗಿಲಿದೆ. ಅದು ತೆರೆದಿರುವುದು ಕೆಲಕಾಲ ಮಾತ್ರ.

ಬ್ಯಾಂಕು, ನೋಂದಣಿ ಕಚೇರಿ ಎಲ್ಲ ಕಡೆಗೂ ಬೇಕಾದದ್ದು ಅಜ್ಜಿಯ ಸಹಿ. ಸಹಿ ಎಂದರೆ ಬರೀ ಕೈಬರಹವಲ್ಲ, ಏನಕ್ಕೆ ಸಹಿ ಮಾಡುತ್ತಿದ್ದೇನೆ ಎಂಬ ತಿಳಿವಳಿಕೆ. ಉಯಿಲು ಬರೆಯಲು ಮನಸ್ಸು ಸ್ವಸ್ಥವಾಗಿರಬೇಕೆಂದು ಕಾನೂನು ಹೇಳುತ್ತದೆ. ಜನ ಜಿ.ಪಿ.ಎ. ಎನ್ನುವ ಅಧಿಕಾರ ಪತ್ರವೊಂದಿದ್ದರೆ ಸಾಕು, ಮುಂದೆ ಮಗನೇ ಎಲ್ಲ ನೋಡಿಕೊಳ್ಳಬಹುದು ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಅದು ತಪ್ಪು. ಭಾರತದ ಕರಾರು ಕಾಯಿದೆಯ ಪ್ರಕಾರ, ಪತ್ರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಅದು ಅತ್ಯಗತ್ಯವಾಗುವ ಹೊತ್ತಿಗೇ ಅದರ ಬಲ ಹೋಗಿರುತ್ತದೆ. ಆಮೇಲೆ ಪೋಷಕರನ್ನು ನೇಮಿಸುವಂತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಹೈಕೋರ್ಟಿನವರೆಗೂ ಹೋದ ಕುಟುಂಬಗಳಿವೆ.

ಆದ್ದರಿಂದ ರೋಗ ಆರಂಭದ ಹಂತದಲ್ಲಿದೆ ಎಂದು ವೈದ್ಯರು ಹೇಳಿದ ಕೂಡಲೇ, ಹಿರಿಯರನ್ನೇ ಮುಂದೆ ಕೂರಿಸಿಕೊಂಡು ಕೆಲವು ಕೆಲಸ ಮುಗಿಸಬೇಕು. ಪಿಂಚಣಿ ಖಾತೆ, ಠೇವಣಿಗಳ ಪಟ್ಟಿ ಮಾಡುವುದು. ಖಾತೆಯನ್ನು ಜಂಟಿಯಾಗಿಸಬಹುದೇ ಎಂದು ಬ್ಯಾಂಕಿನಲ್ಲಿ ವಿಚಾರಿಸುವುದು. ನಾಮನಿರ್ದೇಶನ ಸರಿಯಿದೆಯೇ ನೋಡುವುದು. ಉಯಿಲು ಬರೆಯುವ ಮನಸ್ಸಿದ್ದರೆ, ಅವರು ತಿಳಿದು ಬರೆಯುತ್ತಿದ್ದಾರೆಂಬ ವೈದ್ಯರ ಪ್ರಮಾಣಪತ್ರದೊಂದಿಗೆ ಬರೆಸುವುದು. ಒಳ್ಳೆಯ ವಕೀಲರ ಒಂದು ಗಂಟೆಯ ಸಲಹೆ ಇಲ್ಲಿ ವರ್ಷಗಳ ಅಲೆದಾಟ ತಪ್ಪಿಸುತ್ತದೆ. ಒಂದು ಎಚ್ಚರಿಕೆಯೂ ಬೇಕು. ಇದು ಹಿರಿಯರ ಆಸ್ತಿಯನ್ನು ಬೇಗ ಬರೆಸಿಕೊಳ್ಳುವ ಅವಕಾಶವಲ್ಲ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ದಾನಪತ್ರ ಪಡೆದು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದುಪಡಿಸಲು 2007ರ ಕಾಯಿದೆಯಲ್ಲೇ ಅವಕಾಶವಿದೆ.

ಕೇಂದ್ರವನ್ನು ಆರಿಸುವುದು ಹೇಗೆ?

ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹಲವು, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ಡಿಮೆನ್ಶಿಯಾಗೆಂದೇ ಇರುವ ಕೇಂದ್ರಗಳು ಬೇಡಿಕೆಗೆ ಹೋಲಿಸಿದರೆ ಕಡಿಮೆ, ಇರುವವೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕ್ಷೇತ್ರದಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವ ಸಂಸ್ಥೆಗಳಲ್ಲೊಂದು. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎ.ಆರ್.ಡಿ.ಎಸ್.ಐ. ಸಂಸ್ಥೆ ದೇಶದ ಹಲವೆಡೆ ಶಾಖೆಗಳನ್ನು ಹೊಂದಿದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಆರೈಕೆ ಮಾಡುವವರೇ ಮನಸ್ಸು ಸೋತಾಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೇಂದ್ರ ನೋಡಲು ಹೋದವರನ್ನು ಮೊದಲು ಸೆಳೆಯುವುದು ಹೊಳೆಯುವ ನೆಲ, ಹೂತೋಟ. ಕಟ್ಟಡ ಊಟ ಮಾಡಿಸುವುದಿಲ್ಲ. ನೋಡಬೇಕಾದದ್ದು ಮನುಷ್ಯರನ್ನು. ಹಗಲು ಎಷ್ಟು ಹಿರಿಯರಿಗೆ ಎಷ್ಟು ಸಿಬ್ಬಂದಿ? ರಾತ್ರಿ ಎಷ್ಟು? ಅವರಿಗೆ ತರಬೇತಿ ಕೊಟ್ಟವರು ಯಾರು? ಒಂದೇ ಮುಖ ಎಷ್ಟು ದಿನ ಇರುತ್ತದೆ, ತಿಂಗಳಿಗೊಬ್ಬರು ಬದಲಾಗುತ್ತಾರೆಯೇ? ಮೊದಲ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ ಹೋಗಿ. ಸಂಜೆ ಐದರಿಂದ ಏಳರ ನಡುವೆ, ಊಟದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ತುತ್ತು ಬೇಡವೆಂದು ತಲೆ ತಿರುಗಿಸಿದ ಅಜ್ಜನ ಹತ್ತಿರ ಸಿಬ್ಬಂದಿ ಹೇಗೆ ಮಾತಾಡುತ್ತಾರೆ ಎಂಬ ಐದು ನಿಮಿಷದ ನೋಟ ಬಣ್ಣದ ಕರಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಭಾಷೆಯನ್ನು ಕೇಳಲು ಮರೆಯಬೇಡಿ. ಎರಡು ಮೂರು ಭಾಷೆ ಬಲ್ಲವರು ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳನ್ನು ಬಿಟ್ಟು ಬಾಲ್ಯದ ಭಾಷೆಗೆ ಮರಳುವುದು ಹಲವರಲ್ಲಿ ಕಂಡುಬರುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ ಬೆಳೆದವರು "ಬಾಯಾರಿಕೆ" ಎಂದು ಆ ಭಾಷೆಯಲ್ಲಿ ಹೇಳಿದರೆ ತಿಳಿಯುವವರು ಅಲ್ಲಿ ಒಬ್ಬರಾದರೂ ಇರಬೇಕು.

ಗಲಾಟೆ ಮಾಡುವವರನ್ನು ಹೇಗೆ ಸಂಭಾಳಿಸುತ್ತೀರಿ ಎಂದು ನೇರವಾಗಿ ಕೇಳಿ. ಕೈಕಾಲು ಕಟ್ಟುವುದುಂಟೇ? ಮತ್ತು ಬರಿಸುವ, ಮಂಕು ಮಾಡುವ ಔಷಧಿ ಕೊಡುವ ಮುನ್ನ ಮನೆಯವರಿಗೆ ತಿಳಿಸುತ್ತಾರೆಯೇ? ಮನೋವಿಕಾರಗಳಿಗೆ ಕೊಡುವ ಕೆಲವು ಔಷಧಿಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಲವೊಮ್ಮೆ ಅವು ಅಗತ್ಯವಾಗಬಹುದು. ತೀರ್ಮಾನ ಮಾತ್ರ ವೈದ್ಯರದಾಗಿರಬೇಕು, ಕಾವಲುಗಾರನದಲ್ಲ.

ಕೊನೆಯದಾಗಿ ಕರಾರು ಪತ್ರ. ತಿಂಗಳ ಹಣದಲ್ಲಿ ಏನೇನು ಸೇರಿದೆ? ಡೈಪರ್, ಔಷಧಿ, ವೈದ್ಯರ ಭೇಟಿ ಬೇರೆಯೇ? ವರ್ಷಕ್ಕೆ ಎಷ್ಟು ಏರಿಸುತ್ತಾರೆ? ಮುಂಗಡ ಠೇವಣಿ ವಾಪಸು ಬರುತ್ತದೆಯೇ, ಯಾವಾಗ? ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರೆಯೇ, ಕರೆದುಕೊಂಡು ಹೋಗಿ ಎನ್ನುತ್ತಾರೆಯೇ? ಬಾಯಿಮಾತಿನ ಉತ್ತರ ಸಾಲದು, ಬರೆಸಿಕೊಳ್ಳಬೇಕು. ಸಾಧ್ಯವಾದರೆ ಮೊದಲು ಹಗಲಿನ ಆರೈಕೆಗೆ ಬಿಟ್ಟು, ಆಮೇಲೆ ಒಂದೆರಡು ವಾರ ಇರಿಸಿ ನೋಡುವುದು ಜಾಣತನ.

ಅಜ್ಜಿಯ ಪಟ್ಟಿ

ತುಮಕೂರಿನ ಆ ಮನೆಗೆ ಹಿಂತಿರುಗಿ. ಭಾನುವಾರ ಬೆಂಗಳೂರಿನಿಂದ ಮಗಳೂ ಬಂದಿದ್ದಾಳೆ. ವೈದ್ಯರು ಆರಂಭದ ಹಂತ ಎಂದಿದ್ದಾರೆ. ಮೊಮ್ಮಗ 168 ಗಂಟೆಗಳ ಪಟ್ಟಿಯನ್ನು ಗೆರೆ ಎಳೆದು ಬರೆದಿದ್ದಾನೆ. ತನ್ನ ಹೆಸರಿನ ಮುಂದೆ ಸಂಜೆಯ ಏಳು ಗಂಟೆಗಳನ್ನು, ಅಂದರೆ ದಿನಕ್ಕೊಂದು ಗಂಟೆಯನ್ನು ತಾನೇ ಹಾಕಿಕೊಂಡಿದ್ದಾನೆ. ಅಪ್ಪನ ಹೆಸರಿನ ಮುಂದೆ ಮೂರು ರಾತ್ರಿ ಬಂದಿವೆ. ತಿಂಗಳಿಗೊಂದು ವಾರ ಅಮ್ಮನನ್ನು ಕರೆದೊಯ್ಯುವುದಾಗಿ ಮಗಳು ಹೇಳಿದ್ದಾಳೆ. ಈಗ ಹಗಲಿಗೆ ಹೋಂ ನರ್ಸ್. ಮುಂದೆ ರಾತ್ರಿ ನಿಭಾಯಿಸಲಾಗದ ಸ್ಥಿತಿ ಬಂದರೆ ಕೇಂದ್ರ. ಅದಕ್ಕಾಗಿ ಇಬ್ಬರೂ ಮಕ್ಕಳು ಈ ತಿಂಗಳಿನಿಂದಲೇ ಬೇರೆ ಖಾತೆಗೆ ಹಣ ಕಟ್ಟಬೇಕು. ಹೊಲಿಗೆ ಅಂಗಡಿ ಮುಚ್ಚುವುದಿಲ್ಲ. ಕಾಲೇಜಿನ ಠೇವಣಿ ಮುಟ್ಟುವುದಿಲ್ಲ.

"ಅಮ್ಮಾ, ನಾಳೆ ಎಲ್ಲಾದ್ರೂ ಇರೋ ಹಾಗಾದ್ರೆ ನಿಮಗೇನೇನು ಬೇಕು?" ಎಂದು ಮಗಳು ಕೇಳಿದಳು. ಅಲ್ಲಿಯವರೆಗೆ ಯಾರೂ ಅಜ್ಜಿಯನ್ನು ಕೇಳಿರಲಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ಸೀರೆ ಉಡಿಸಲಿ. ನೈಟಿ ಹಾಕ್ಬಾರ್ದು. ಕಾಫಿ ಲೋಟದಲ್ಲೇ ಕೊಡ್ಲಿ, ಪ್ಲಾಸ್ಟಿಕ್ ಕಪ್ಪಲ್ಲಿ ಬೇಡ. ಯಾರಾದ್ರೂ ಒಬ್ರು ಮೇಷ್ಟ್ರೇ ಅಂತ ಕರೀಲಿ."

ಮೊಮ್ಮಗ ಮೂರನ್ನೂ ಪಟ್ಟಿಯ ಕೆಳಗೆ ಬರೆದ. ಅಜ್ಜಿ ಹಾಳೆಯನ್ನು ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡು ಓದಿದರು. ಎರಡನೇ ಸಾಲಿನ ಒಂದು ಒತ್ತಕ್ಷರವನ್ನು ತಿದ್ದಿದರು. ಆಮೇಲೆ ಕೆಳಗೆ, ಪೂರ್ತಿಯಾಗಿ, ತಮ್ಮ ಹೆಸರು ಬರೆದು ಸಹಿ ಮಾಡಿದರು.